ಕೃಷ್ಣೆ ಹುಟ್ಟುವ ಊರಿನ ಕೆಂಪು ಹಣ್ಣು

ಮಹಾಬಳೇಶ್ವರ ನೋಡಬೇಕೆಂಬ ಆಸೆ ನಿಮಗಿದೆಯೇ? ಹಾಗಿದ್ದರೆ ಡಿಸೆಂಬರಿನಿಂದ ಮಾರ್ಚ್ ಒಳಗೆ ಹೋಗಿಬನ್ನಿ. ಅಲ್ಲಿ ಸ್ಟ್ರಾಬೆರಿಯ ಸುಗ್ಗಿ ಆಗಲೇ. ನಮ್ಮ ಬೆಳಗಾವಿಯಿಂದ ಕೊಲ್ಹಾಪುರ, ಸಾತಾರಾ ದಾಟಿ ಘಾಟ್ ಹತ್ತಿದರೆ ಸುಮಾರು 280 ಕಿ.ಮೀ. ದಾರಿ. 4,500 ಅಡಿ ಎತ್ತರದ ಊರು, ಬೆಳಗಿನ ಹೊತ್ತು ಶಾಲು ಬೇಕೇ ಬೇಕು!

ಮೊದಲು ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿಗೆ ಹೋಗಿ. ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ, ಈ ಐದೂ ನದಿಗಳ ನೀರು ಅಲ್ಲಿ ಕಲ್ಲಿನ ಗೋಮುಖದಿಂದ ಸುರಿಯುತ್ತದೆ. ನಮ್ಮ ಸೀಮೆಯಲ್ಲಿ ಕಣ್ಣಿಗೆ ನಿಲುಕದಷ್ಟು ಅಗಲ ಹರಿಯುವ ಕೃಷ್ಣೆ ಅಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟೇ ಇದ್ದಾಳೆ.

ಗುಡಿಯಿಂದ ಇಳಿದರೆ ಸುತ್ತೆಲ್ಲ ಸ್ಟ್ರಾಬೆರಿ ತೋಟಗಳು. ಮಳೆಗಾಲ ಮುಗಿಯುತ್ತ ಬಂದಂತೆ ಕೆಂಪು ಮಣ್ಣಿನಲ್ಲಿ ಏರಿ ಹಾಕಿ ಸಸಿ ನೆಡುತ್ತಾರೆ. ಹಣ್ಣಿಗೆ ಮಣ್ಣು ತಾಗದಿರಲೆಂದು ಏರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಬೆಳಗಿನ ತಂಪಿನಲ್ಲೇ ಹೆಂಗಸರು ಸೊಂಟ ಬಗ್ಗಿಸಿ ಒಂದೊಂದೇ ಹಣ್ಣು ಬಿಡಿಸುವುದನ್ನು ಕಂಡರೆ, ಆಮೇಲೆ ಬೆಲೆ ಚೌಕಾಶಿ ಮಾಡಲು ಮನಸ್ಸು ಬಾರದು. ಈ ಹಣ್ಣಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಕೊಳ್ಳುವಾಗ ತೊಟ್ಟಿನವರೆಗೂ ಕೆಂಪಗಿರುವ ಹಣ್ಣನ್ನೇ ಆರಿಸಿ. ಮಾವಿನ ಹಾಗೆ ಅಡೆ ಹಾಕಿದರೆ ಹಣ್ಣಾಗುವ ಜಾತಿ ಇದಲ್ಲ. ಬಿಡಿಸುವಾಗ ಬಿಳಿಯಾಗಿದ್ದ ಕಡೆ ಆಮೇಲೆ ಸಿಹಿಯಾಗುವುದಿಲ್ಲ. ಅಲ್ಲಿಯ ಅಂಗಡಿಗಳಲ್ಲಿ ಹೆಚ್ಚಿದ ಹಣ್ಣಿಗೆ ಕಡೆದ ಕೆನೆ ಹಾಕಿ ಕೊಡುತ್ತಾರೆ, ತಪ್ಪದೆ ತಿನ್ನಿ.

ನಮ್ಮ ಅತ್ತೆಯವರಿಗೆ ಮೊಣಕಾಲು ನೋವು, ಘಾಟ್ ಪ್ರಯಾಣ ಆಗದು. ಅವರ ತವರು ಬೀಳಗಿ ಕಡೆ, ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಊರೇ ಮುಳುಗಿತು. "ಅಕಿ ಹುಟ್ಟೂ ಜಾಗಾನರ ನೋಡಿ ಬಾರವ್ವಾ" ಅಂದಿದ್ದರು. ಅವರಿಗೆಂದು ಒಂದು ಬಾಟಲಿ ತೀರ್ಥ, ಒಂದು ಡಬ್ಬಿ ಹಣ್ಣು ತಂದೆವು. ಹಲ್ಲಿಲ್ಲದ ಅವರಿಗಾಗಿ ನಮ್ಮ ಶ್ರೀಖಂಡದಲ್ಲೇ ಹಣ್ಣು ಸೇರಿಸಿದೆ. ತೀರ್ಥ ತೆಗೆದುಕೊಂಡು, ಬಟ್ಟಲು ಬರಿದು ಮಾಡಿ, "ನಮ್ಮೂರ ನೀರಿಂದs ಬೆಳದದ್ದಲ್ಲೇನವಾ ಇದು" ಎಂದು ಸುಮ್ಮನೆ ಕೂತರು.

ಬೇಕಾಗುವ ಸಾಮಗ್ರಿಗಳು: 1 ಲೀಟರ್ ಗಟ್ಟಿ ಹಾಲಿನ ಮೊಸರು, 250 ಗ್ರಾಂ ಸ್ಟ್ರಾಬೆರಿ, 150 ಗ್ರಾಂ ಸಕ್ಕರೆ ಪುಡಿ, 2 ಏಲಕ್ಕಿ.

ಮಾಡುವ ವಿಧಾನ: ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಐದಾರು ತಾಸು ತೂಗುಹಾಕಿ. ಬೇಸಿಗೆಯಾದರೆ ಫ್ರಿಜ್ಜಿನೊಳಗೆ ಜರಡಿಯ ಮೇಲಿಟ್ಟರೆ ಹುಳಿಯೇರದು. ಹಣ್ಣನ್ನು ತೊಟ್ಟು ಸಹಿತ ತೊಳೆದು, ಒರೆಸಿ, ಆಮೇಲೆ ತೊಟ್ಟು ತೆಗೆಯಿರಿ. ಮೊದಲೇ ತೆಗೆದರೆ ಒಳಗೆ ನೀರು ಸೇರುತ್ತದೆ. ಸಣ್ಣಗೆ ಹೆಚ್ಚಿ 2 ಚಮಚ ಸಕ್ಕರೆ ಉದುರಿಸಿ 20 ನಿಮಿಷ ಬಿಡಿ, ರಸ ಬಿಡುತ್ತದೆ. ಚಕ್ಕಾಕ್ಕೆ ಉಳಿದ ಸಕ್ಕರೆ, ಏಲಕ್ಕಿ ಪುಡಿ ಹಾಕಿ ನುಣ್ಣಗೆ ನಾದಿ. ಬಡಿಸುವ ಮುನ್ನವಷ್ಟೇ ಹಣ್ಣು ಬೆರೆಸಿ, ಇಲ್ಲವಾದರೆ ನೀರಾಗುತ್ತದೆ.

ಒಂದು ಮಾತು ಮರೆಯಬೇಡಿ. ಈ ಹಣ್ಣು ಎರಡು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ಮನೆ ಮುಟ್ಟಿದ ದಿನವೇ ಮಾಡಿ, ಪಕ್ಕದ ಮನೆಗೂ ಒಂದು ಬಟ್ಟಲು ಕಳಿಸಿ.