ದುಡಿಯುವವರು ಒಬ್ಬರು, ಲೆಕ್ಕ ಇಬ್ಬರದು



ಕಾಸರಗೋಡಿನ ನಮ್ಮ ಗಡಿಭಾಗದಲ್ಲಿ ಒಬ್ಬರ ಸಂಪಾದನೆಯಿಂದಲೇ ನಡೆಯುವ ಮನೆಗಳು ಬಹಳ. ಯಜಮಾನರು ಕೊಲ್ಲಿ ದೇಶದಲ್ಲಿರುತ್ತಾರೆ, ಇಲ್ಲವೇ ಬೆಳಗಾದರೆ ಮಂಗಳೂರಿನ ಬಸ್ಸು ಹಿಡಿಯುತ್ತಾರೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು. ಕುಟುಂಬ ಭೇಟಿಗೆ ಹೋದಲ್ಲೆಲ್ಲ ಒಂದೇ ಮಾತು: "ಫಾದರ್, ಬರುವ ಹಣ ಸಾಕಾಗುವುದಿಲ್ಲ." ಮಾತು ನಿಜ. ಆದರೆ ಹಣ ಕಡಿಮೆ ಇರುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದು, ಆ ಹಣದ ಲೆಕ್ಕ ಒಬ್ಬರ ತಲೆಯಲ್ಲಿ ಮಾತ್ರ ಇರುವುದು.

ನನ್ನ ತಂದೆ ಗಾರೆ ಕೆಲಸದವರು. ಐದು ಮಕ್ಕಳ ಮನೆಗೆ ಅವರ ಶನಿವಾರದ ಬಟವಾಡೆಯೇ ಆಧಾರ. ಆ ರಾತ್ರಿ ಜಪಸರ ಮುಗಿದ ಮೇಲೆ ಅಪ್ಪ ಹಣವನ್ನು ಮೇಜಿನ ಮೇಲಿಡುತ್ತಿದ್ದರು, ಅಮ್ಮ ನಮ್ಮ ಹಳೆಯ ಶಾಲಾ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದರು. ಮಳೆ ಹಿಡಿದರೆ ಗಾರೆ ಕೆಲಸ ನಿಲ್ಲುತ್ತದೆ. ಅದೇ ಜೂನ್‌ನಲ್ಲಿ ಶಾಲೆಯೂ ಶುರು. ಆದ್ದರಿಂದ ಜನವರಿಯಿಂದಲೇ ವಾರಕ್ಕೆ ಸ್ವಲ್ಪ ಹಣ ಬೇರೆ ಡಬ್ಬಿಗೆ ಹೋಗುತ್ತಿತ್ತು. ಒಂದು ವರ್ಷ ಅಪ್ಪ ಕಟ್ಟಡದ ಮೇಲಿಂದ ಬಿದ್ದು ನಾಲ್ಕು ತಿಂಗಳು ಮಲಗಿದರು. ಗಂಜಿ, ಚಟ್ನಿಯಲ್ಲಿ ದಿನ ಕಳೆದೆವು. ಆದರೆ ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದು ಅಮ್ಮನಿಗೆ ಗೊತ್ತಿತ್ತು. ಮನೆ ಕುಸಿಯಲಿಲ್ಲ.

ಇನ್ನೊಂದು ಮನೆಯನ್ನೂ ನಾನು ಕಂಡಿದ್ದೇನೆ. ಯಜಮಾನ ಹೊರದೇಶದಲ್ಲಿ ಹಠಾತ್ತಾಗಿ ತೀರಿಕೊಂಡರು. ತಿಂಗಳ ಪೂಜೆಯ ದಿನ ಅವರ ಹೆಂಡತಿ ಕೇಳಿದರು: "ಫಾದರ್, ಅವರು ಹಣ ಎಲ್ಲಿಟ್ಟಿದ್ದಾರೆ, ಸಾಲ ಎಷ್ಟಿದೆ, ನನಗೇನೂ ತಿಳಿಯದಲ್ಲ?" ಸಾಲ ಕೊಟ್ಟೆನೆಂದು ಬಂದವರಿಗೆ ಹೌದೆನ್ನಲೂ ಇಲ್ಲವೆನ್ನಲೂ ಅವರಿಗೆ ಆಗಲಿಲ್ಲ. ಚಿನ್ನ ಅಡವಿಟ್ಟ ಚೀಟಿ ಪೆಟ್ಟಿಗೆಯಲ್ಲಿ ಸಿಗುವಷ್ಟರಲ್ಲಿ ಚಿನ್ನ ಹರಾಜಾಗಿತ್ತು. ಆ ಗಂಡ ಕೆಟ್ಟವನಲ್ಲ. ಹೆಂಡತಿಗೆ ಚಿಂತೆ ಬೇಡವೆಂದು ಹೇಳದೆ ಉಳಿದವನು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತೇವೆ. ಹಾಸಿಗೆ ಎಷ್ಟುದ್ದ ಎಂದು ಮನೆಯವರಿಗೆ ಹೇಳದಿದ್ದರೆ ಅವರು ಕಾಲು ಮಡಚುವುದು ಹೇಗೆ?

ಕೈಸಾಲದ ಸಂಗತಿ ನೋಡಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ 36. 20,000 ರೂಪಾಯಿ ಸಾಲಕ್ಕೆ ವರ್ಷದಲ್ಲಿ 7,200 ರೂಪಾಯಿ ಕೊಟ್ಟರೂ ಅಸಲು ಹಾಗೆಯೇ ಉಳಿಯುತ್ತದೆ. ಇಬ್ಬರೂ ಕೂತು ಬರೆದು ನೋಡಿದರೆ, ಪ್ರಥಮ ಪರಮಪ್ರಸಾದದ ಊಟಕ್ಕೆ ಇಂಥ ಸಾಲ ಬೇಕೇ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. 1998ರಲ್ಲಿ ಕೇರಳದಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕೂಟದಲ್ಲಿ ನಮ್ಮ ಅನೇಕ ಅಮ್ಮಂದಿರಿದ್ದಾರೆ. ಅಲ್ಲಿನ ಉಳಿತಾಯದ ಲೆಕ್ಕವೂ ಗಂಡನಿಗೆ ತಿಳಿದಿರಲಿ.

ವಿಮೆಯ ವಿಷಯವೂ ಹಾಗೆಯೇ. 2015ರಲ್ಲಿ ಬಂದ ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಯೋಜನೆಗೆ 2022ರ ಜೂನ್‌ನಿಂದ ವರ್ಷಕ್ಕೆ 436 ರೂಪಾಯಿ, ಅಪಘಾತ ವಿಮೆಯಾದ ಸುರಕ್ಷಾ ಯೋಜನೆಗೆ 20 ರೂಪಾಯಿ. ಜೀವಹಾನಿಯಾದರೆ ಮೊದಲನೆಯದರಿಂದ ಮನೆಯವರಿಗೆ 2 ಲಕ್ಷ ಸಿಗುತ್ತದೆ, ಅದು ಅಪಘಾತದಿಂದಾದರೆ ಎರಡನೆಯದರಿಂದಲೂ 2 ಲಕ್ಷ. ಮೊದಲನೆಯದಕ್ಕೆ 18ರಿಂದ 50, ಎರಡನೆಯದಕ್ಕೆ 18ರಿಂದ 70 ವರ್ಷದೊಳಗಿನವರು ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. ಮೇ ಕೊನೆಗೆ ಖಾತೆಯಲ್ಲಿ ಅಷ್ಟು ಹಣವಿರಬೇಕು. ಆದರೆ ವಿಮೆ ಇದೆ ಎಂದೇ ಮನೆಯವರಿಗೆ ತಿಳಿಯದಿದ್ದರೆ ಅರ್ಜಿ ಹಾಕುವವರು ಯಾರು?

ಈ ಶನಿವಾರ ಪ್ರಾರ್ಥನೆಯ ಬಳಿಕ ಅರ್ಧ ಗಂಟೆ ಕುಳಿತುಕೊಳ್ಳಿ. ಗಂಡ ದೂರದಲ್ಲಿದ್ದರೆ ಫೋನಿನಲ್ಲೇ ಆಗಲಿ. ಒಂದು ಪುಸ್ತಕದಲ್ಲಿ ಬರೆಯಿರಿ: ಯಾವ ಬ್ಯಾಂಕು, ನಾಮಿನಿ ಯಾರು, ಸಾಲ ಎಷ್ಟು, ಅಡವಿಟ್ಟ ಚಿನ್ನ ಬಿಡಿಸುವ ದಿನ ಯಾವುದು, ವಿಮೆ ಏನಿದೆ. ದೊಡ್ಡ ಮಕ್ಕಳೂ ಹತ್ತಿರ ಕೂರಲಿ. ಮೊದಲ ದಿನ ಮಾತು ಸ್ವಲ್ಪ ಬಿಸಿಯಾದೀತು. ಆದರೂ ಪುಸ್ತಕ ಮುಚ್ಚಬೇಡಿ. ಮುಂದಿನ ಶನಿವಾರ ಮತ್ತೆ ತೆರೆಯಿರಿ.