ವೇಷ ಕಳಚದ ಸೀಮೆ

ಕೌಬಾಯ್ ಟೋಪಿಗೆ ಒಂದು ಗುಣವಿದೆ. ಯಾರ ತಲೆಗಿಟ್ಟರೂ ಆಸಾಮಿ ಕಣ್ಣು ಕಿರಿದು ಮಾಡಿ ದೂರ ನೋಡತೊಡಗುತ್ತಾನೆ. ಜಾತ್ರೆಯ ಸ್ಟುಡಿಯೋದಲ್ಲಿ ಹಲಗೆ ಕುದುರೆ ಏರಿ ಫೋಟೊ ತೆಗೆಸಿಕೊಂಡ ನನ್ನ ಭಾವಮೈದುನನೂ ಹಾಗೇ ನೋಡಿದ್ದಾನೆ. ದೂರದಲ್ಲಿದ್ದದ್ದು ಮಿರ್ಚಿ ಅಂಗಡಿ. ಆ ಟೋಪಿಯಾದರೂ ಅಮೆರಿಕದ ಪಶ್ಚಿಮದ ಬಯಲಲ್ಲಿ ಹುಟ್ಟಿದ್ದೇ? ಜಾನ್ ಸ್ಟೆಟ್ಸನ್ ಎಂಬಾತ 1865ರಲ್ಲಿ ಅದನ್ನು ಮಾರಾಟಕ್ಕಿಟ್ಟದ್ದು ದೂರದ ಫಿಲಡೆಲ್ಫಿಯಾ ಪಟ್ಟಣದಲ್ಲಿ.

ಟೋಪಿಯ ಮಾತಿರಲಿ, ಆ ಸೀಮೆಯ ಚಹರೆಯೇ ಬಹುಪಾಲು ರಂಗದಿಂದ ಬಂದದ್ದು. ಬಫೆಲೊ ಬಿಲ್ ಎಂದು ಹೆಸರಾದ ವಿಲಿಯಂ ಕೋಡಿ ಸೈನ್ಯಕ್ಕೆ ದಾರಿ ತೋರಿಸುತ್ತಿದ್ದವನು. 1872ರಲ್ಲಿ ಷಿಕಾಗೋದಲ್ಲಿ ರಂಗವೇರಿ ತನ್ನ ಪಾತ್ರವನ್ನು ತಾನೇ ಆಡಿದ. 1876ರ ಜುಲೈನಲ್ಲಿ ಮೂಲನಿವಾಸಿ ಷೆಯೆನ್ ಯೋಧರೊಡನೆ ಕಾದಾಡಲು ಹೋದಾಗ ಅವನ ಮೈಮೇಲಿದ್ದದ್ದು ನಾಟಕದ ಕಪ್ಪು ಮಖಮಲ್ಲಿನ ಉಡುಪು! ಅಲ್ಲಿ ಒಬ್ಬ ಯೋಧನನ್ನು ಕೊಂದ. ಬಳಿಕ ಆ ಕೊಲೆಯೇ ಹೊಸ ನಾಟಕವಾಗಿ ಟಿಕೆಟ್ ಮಾರಿತು. ಬಯಲಾಟದ ಭೀಮ ಕಿರೀಟ ಇಳಿಸದೆ ಸೀದಾ ಬದುವಿನ ಜಗಳಕ್ಕೆ ಹೋಗಿ, ಆಮೇಲೆ ಆ ಜಗಳವನ್ನೇ ಪ್ರಸಂಗ ಮಾಡಿ ಕುಣಿದ ಹಾಗೆ. ಇಲ್ಲಿ ಸತ್ತವನು ಮಾತ್ರ ನಿಜವಾಗಿ ಸತ್ತಿದ್ದ.

1883ರಲ್ಲಿ ಕೋಡಿ ಸ್ವಂತ ಮೇಳ ಕಟ್ಟಿದ. ಮೂಲನಿವಾಸಿಗಳಾದ ಲಕೋಟಾ ಜನರ ನಾಯಕ ಸಿಟ್ಟಿಂಗ್ ಬುಲ್ ಕೂಡ 1885ರಲ್ಲಿ ಕೆಲವು ತಿಂಗಳು ಅದರೊಡನೆ ತಿರುಗಿದ. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. 1890ರಲ್ಲಿ ಅಮೆರಿಕದ ಸೈನ್ಯ ಲಕೋಟಾ ಜನರ ಮೇಲೆ ನಡೆಸಿದ ವೂಂಡೆಡ್ ನೀ ಹತ್ಯಾಕಾಂಡದ ನಂತರ ಸೆರೆಯಲ್ಲಿದ್ದ ಕೆಲವು ಲಕೋಟಾ ಜನರನ್ನು ಕೋಡಿ ಯೂರೋಪಿಗೆ ಕರೆದೊಯ್ದ. ಸೆರೆಮನೆಯೋ ರಂಗಸ್ಥಳವೋ, ಆರಿಸಿಕೊಳ್ಳಿ ಎಂಬಂತಿತ್ತು. ಅಲ್ಲಿ ಅವರು ದಿನವೂ ಸೋಲುವ ಪಾತ್ರ ಮಾಡಿದರು.

1893ರಲ್ಲಿ ಷಿಕಾಗೋದ ವಿಶ್ವಮೇಳದ ಹೊತ್ತಿಗೆ ಇತಿಹಾಸಕಾರ ಫ್ರೆಡರಿಕ್ ಟರ್ನರ್, ಪಶ್ಚಿಮದ ಗಡಿನಾಡು ಮುಗಿಯಿತು, ಅಮೆರಿಕನ್ನರಾದ ನಮ್ಮ ಸ್ವಭಾವ ರೂಪುಗೊಂಡದ್ದು ಅದರಿಂದಲೇ ಎಂದು ಪ್ರಬಂಧ ಓದಿದ. ಮೇಳದ ಬೇಲಿಯಾಚೆ ಕೋಡಿಯ ಕುದುರೆಗಳು ಓಡುತ್ತಿದ್ದವು. ಜನ ಎತ್ತ ನುಗ್ಗಿದರೆಂದು ಹೇಳಬೇಕೇ? ಆದರೆ ಆ ಸೀಮೆಯಲ್ಲಿ ನಿಜವಾಗಿ ದನ ಹೊಡೆದುಕೊಂಡು ಹೋಗುತ್ತಿದ್ದ ಕೌಬಾಯ್‌ಗಳಲ್ಲಿ ಕರಿಯರೂ ಮೆಕ್ಸಿಕೋದವರೂ ಬಹಳ ಮಂದಿ ಇದ್ದರು. ಆಮೇಲಿನ ಸಿನಿಮಾ ಅವರನ್ನು ಬಿಟ್ಟು ಮುಂದೆ ಹೋಯಿತು.

ಆ ವೇಷ ಇಂದಿಗೂ ಕಳಚಿಲ್ಲ. ಅಮೆರಿಕದ ವಯೋಮಿಂಗ್ ರಾಜ್ಯವನ್ನು ನೋಡಿ. ದೇಶದಲ್ಲೇ ಅತಿ ಹೆಚ್ಚು ಕಲ್ಲಿದ್ದಲು ಬರುವುದು ಅಲ್ಲಿಂದ. ಆದರೆ 1936ರಿಂದಲೂ ವಾಹನಗಳ ನಂಬರ್ ಪ್ಲೇಟಿನ ಮೇಲೆ ಕೆರಳಿದ ಕುದುರೆ, ಅದರ ಬೆನ್ನಿಗೆ ಅಂಟಿಕೊಂಡ ಸವಾರ. ವಿಶ್ವವಿದ್ಯಾಲಯದ ಆಟಗಾರರ ಹೆಸರೂ ಕೌಬಾಯ್ಸ್. ನಾನಿದನ್ನು ಸೋಗು ಎನ್ನಲಾರೆ. ಅಜ್ಜನ ಕಾಲದಿಂದ ತೊಟ್ಟ ವೇಷ ಮೊಮ್ಮಗನಿಗೆ ಮೈಚರ್ಮವೇ. ಆದರೆ ಗಣಿ ಮುಚ್ಚಿದ ದಿನ ಕುದುರೆಯ ಚಿತ್ರ ಸಂಬಳ ಕೊಡುವುದಿಲ್ಲ.

ಚಿತ್ರಕ್ಕೆ ಆ ನೆಲವೂ ಬೇಡವಾಯಿತು. ಇಟಲಿಯ ಸಿನಿಮಾ ನಿರ್ದೇಶಕ ಸರ್ಜಿಯೋ ಲಿಯೋನೆ ಸ್ಪೇನಿನ ಮರುಭೂಮಿಯಲ್ಲಿ ಪಶ್ಚಿಮವನ್ನು ಕಟ್ಟಿದ. ಆ ಧಾಟಿ ಹಿಡಿದ ‘ಶೋಲೆ’ 1975ರಲ್ಲಿ ನಮ್ಮ ರಾಮನಗರದ ಬಂಡೆಗಳನ್ನು ಡಕಾಯಿತರ ಸೀಮೆ ಮಾಡಿಬಿಟ್ಟಿತು. ಇಂದಿಗೂ ಬಂದವರು ಗಬ್ಬರ್ ನಿಂತ ಬಂಡೆ ಯಾವುದೆಂದು ಕೇಳುತ್ತಾರೆ. ಅಲ್ಲೇ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಧಾಮವಿದೆ, ಊರೊಳಗೆ ಭಾರಿ ರೇಷ್ಮೆಗೂಡಿನ ಮಾರುಕಟ್ಟೆ. ಗೂಡಿನ ದರ ಕೇಳುವವರು ರೈತರು ಮತ್ತು ರೀಲರುಗಳು ಮಾತ್ರ.