ಗಾಳಿಗೆ ಹಾಕದ ಬೀಗ

ಜವಳಿ ಅಂಗಡಿಯನ್ನು ಮುಚ್ಚುವಾಗ ಮೂರು ಬೀಗಗಳನ್ನು ಹಾಕಿ, ಒಂದೊಂದನ್ನೂ ಎಳೆದು ನೋಡಿ ಮನೆಗೆ ಹೊರಡುವುದು ನನ್ನ ಬಹುಕಾಲದ ಅಭ್ಯಾಸ. ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ಅಣ್ಣನ ಮಗನು, ಹಾಗೆ ಬೀಗ ಹಾಕಿದ ಅಂಗಡಿಯ ಜಗಲಿಯ ಮೇಲೆ ಕುಳಿತು, ಒಳಗೆ ನಾನು ಆರಿಸದೆ ಬಿಟ್ಟಿದ್ದ ಕಂಪ್ಯೂಟರಿನ ಉದ್ರಿ ಲೆಕ್ಕವನ್ನು ತನ್ನ ಮೊಬೈಲಿನಲ್ಲಿ ಓದತೊಡಗಿದನು. ಮಗಳ ಮದುವೆಗೆಂದು ಸೀರೆಗಳನ್ನು ಸಾಲವಾಗಿ ಒಯ್ದಿದ್ದ ನೆರೆಮನೆಯವರ ಹೆಸರು ಅವನ ಬಾಯಿಂದ ಬಂದಾಗ ನನ್ನ ಎದೆ ಝಲ್ಲೆಂದಿತು.

“ಚಿಕ್ಕಪ್ಪಾ, ಬಾಗಿಲಿಗೆ ಬೀಗ ಹಾಕಿದ್ದೀರಿ, ಗಾಳಿಗೆ ಹಾಕಿಲ್ಲ” ಎಂದನು ಹುಡುಗ.

ನಮ್ಮ ವೈಫೈಯ ಗುಪ್ತಪದವು ಅಂಗಡಿಯ ಹಲಗೆಯ ಮೇಲೆ ಬರೆಸಿದ್ದ ಫೋನ್ ನಂಬರೇ ಆಗಿದ್ದಿತು! ಬಂದ ಗಿರಾಕಿಗಳಿಗೂ ಅದನ್ನೇ ಹೇಳುತ್ತಿದ್ದೆನು. ತಂತಿಯಲ್ಲಿ ಹರಿಯುವ ಮಾತು ತಂತಿಯ ದಾರಿಯನ್ನೇ ಹಿಡಿಯುವುದು. ರೇಡಿಯೋ ಅಲೆಯಾದರೋ ಗೋಡೆಯನ್ನು ದಾಟಿ ಬೀದಿಗೂ ಹೋಗುವುದು. ಕೇಳುವ ಕಿವಿಗಳನ್ನು ತಡೆಯಲಾಗದು; ಕೇಳಿದವರಿಗೆ ಅರ್ಥವಾಗದಂತೆ ಮಾತನ್ನು ಗೂಢವಾಗಿಸಬಹುದು, ಅಷ್ಟೆ.

ಈ ಪಾಠವನ್ನು ಸೈನ್ಯಗಳು ರಕ್ತವನ್ನು ತೆತ್ತು ಕಲಿತಿವೆ. 1914ರ ಆಗಸ್ಟಿನಲ್ಲಿ, ಪೂರ್ವ ಪ್ರಷ್ಯದ ಟಾನೆನ್‌ಬರ್ಗ್ ಕದನದ ವೇಳೆ, ರಷ್ಯದ ಸೇನಾಪತಿಗಳ ಅಪ್ಪಣೆಗಳಲ್ಲಿ ಕೆಲವು ಗೂಢಲಿಪಿಯಿಲ್ಲದೆಯೇ ನಿಸ್ತಂತುವಿನ ಮೂಲಕ ಹೋದುವು. ಜರ್ಮನರು ಅವನ್ನು ಕೇಳಿ ಎದುರಾಳಿಯ ನಡೆಯನ್ನು ಮೊದಲೇ ಅರಿತರು. ರಷ್ಯದ ಎರಡನೆಯ ಸೈನ್ಯವು ನಾಶವಾಗಿ, ಸುಮಾರು 92,000 ಮಂದಿ ಸೆರೆಸಿಕ್ಕರು. ಸೋಲಿಗೆ ಕಾರಣಗಳು ಹಲವಿದ್ದುವು. ಇದು ಅವುಗಳಲ್ಲಿ ಸಣ್ಣದಲ್ಲ.

ವ್ಯಾಪಾರಿಗಳು ಕಲಿತದ್ದು ಹಣವನ್ನು ತೆತ್ತು. ವೈಫೈಯ ಮೊದಲ ಬೀಗವಾದ ‘ವೆಪ್’ ಎಂಬ ಏರ್ಪಾಡನ್ನು ಒಡೆಯುವ ಬಗೆಯನ್ನು ವಿದ್ವಾಂಸರು 2001ರಲ್ಲಿಯೇ ತೋರಿಸಿಕೊಟ್ಟಿದ್ದರು. ಆದರೂ, ನನ್ನಂತೆಯೇ ಬಟ್ಟೆಬರೆ ಮಾರುವ ಅಮೆರಿಕದ ಟಿಜೆಎಕ್ಸ್ ಕಂಪನಿಯ ಜಾಲದಲ್ಲಿ 2005ರಲ್ಲಿಯೂ ಆ ಹಳೆಯ ಬೀಗವೇ ಉಳಿದಿದ್ದಿತು. ಕಳ್ಳರು ಅಂಗಡಿಯ ಹೊರಗಿನಿಂದಲೇ ಜಾಲವನ್ನು ಹೊಕ್ಕು, 4.5 ಕೋಟಿಗೂ ಹೆಚ್ಚು ಕಾರ್ಡುಗಳ ವಿವರಗಳನ್ನು ಕದ್ದರು. ಕಳವು ಲೋಕಕ್ಕೆ ತಿಳಿದದ್ದು 2007ರಲ್ಲಿ.

ಆ ಕಂಪನಿಯೆಲ್ಲಿ, ನಾನೆಲ್ಲಿ! ಆದರೆ ಅಸಡ್ಡೆ ಮಾತ್ರ ಒಂದೇ. ಅಂದು ರಾತ್ರಿಯೇ ಹುಡುಗನನ್ನು ಕೂರಿಸಿಕೊಂಡು, ಯಾರೂ ಊಹಿಸಲಾಗದಂತಹ ಉದ್ದನೆಯ ಗುಪ್ತಪದವನ್ನಿಟ್ಟೆನು. 2018ರಲ್ಲಿ ಬಂದ ‘ಡಬ್ಲ್ಯುಪಿಎ3’ ಎಂಬ ಭದ್ರತೆಯ ಕ್ರಮವನ್ನು ಆರಿಸಿದೆನು. ಗಿರಾಕಿಗಳಿಗೆ ಬೇರೆಯ ಜಾಲವಾಯಿತು. ಲೆಕ್ಕದ ಕಡತಗಳು ಮತ್ತಾವ ಯಂತ್ರಕ್ಕೂ ಕಾಣದಂತಾದುವು. ಅರ್ಧ ಗಂಟೆಯ ಕೆಲಸ. ಅದನ್ನು ವರ್ಷಗಟ್ಟಲೆ ಮುಂದೂಡಿದ್ದೆನು.

ಮರುದಿನ ಬೆಳಗ್ಗೆ ನೆರೆಮನೆಯವರು ಬಂದು, ಸಾಲದಲ್ಲಿ ಸ್ವಲ್ಪ ಹಣವನ್ನು ಸಲ್ಲಿಸಿ, “ಯಾರಿಗೂ ತಿಳಿಯದಂತೆ ಉಪಕಾರ ಮಾಡಿದಿರಿ” ಎಂದರು. ಅವರ ಮುಖವನ್ನು ನೋಡಲಾರದೆ ನಾನು ತಲೆ ತಗ್ಗಿಸಿ ರಸೀದಿಯನ್ನು ಬರೆದೆನು.